ಮೇಷ್ಟ್ರ ಐದನೆಯ ಅಧ್ಯಾಯ ಎಲ್ಲಿತ್ತು

ಆಷಾಢದಲ್ಲಿ ನಮ್ಮ ಡಿಟಿಪಿ ಅಂಗಡಿಗೆ ಲಗ್ನಪತ್ರಿಕೆಯ ಕೆಲಸ ಬರುವುದಿಲ್ಲ. ಪುಸ್ತಕದ ಕೆಲಸವನ್ನು ನೆಮ್ಮದಿಯಿಂದ ಕೈಗೆತ್ತಿಕೊಳ್ಳಲು ವರ್ಷದಲ್ಲಿ ಸಿಗುವ ತಿಂಗಳು ಅದೊಂದೇ. ಹೋದ ಆಷಾಢದಲ್ಲಿ ನನ್ನ ಮೇಜಿನ ಮೇಲಿದ್ದದ್ದು ನಿವೃತ್ತ ಮೇಷ್ಟ್ರೊಬ್ಬರು ಬರೆದ ಕೆರೆಗಳ ಪುಸ್ತಕ. ತಿಪಟೂರು ಸುತ್ತಿನ ಹಳ್ಳಿಗಳ ಕೆರೆಗಳು, ಅವುಗಳ ಏರಿ, ತೂಬು, ಕೋಡಿ, ನೀರು ಬಿಡುತ್ತಿದ್ದ ನೀರುಗಂಟಿಗಳ ಮನೆತನಗಳು, ಎಲ್ಲವನ್ನೂ ಅವರು ಹನ್ನೊಂದು ವರ್ಷ ಬಸ್ಸಿನಲ್ಲಿ ಮತ್ತು ಕಾಲ್ನಡಿಗೆಯಲ್ಲಿ ತಿರುಗಿ ಕೂಡಿಹಾಕಿದ್ದಾರೆ. ಈಗ ಅವರಿಗೆ ಎಪ್ಪತ್ತನಾಲ್ಕು. ಅರವತ್ತೆಂಟನೆಯ ವಯಸ್ಸಿನಲ್ಲಿ ಕನ್ನಡ ಟೈಪಿಂಗ್ ಕಲಿತು, ಬರೆದದ್ದನ್ನೆಲ್ಲ ತಾವೇ ಗಣಕಕ್ಕೆ ಇಳಿಸಿದವರು. ಅವರ ಬೆರಳು ನಿಧಾನ, ಆದರೆ ಒತ್ತಕ್ಷರ ಒಂದೂ ತಪ್ಪುವುದಿಲ್ಲ.

ಒಂದು ಬೆಳಿಗ್ಗೆ ಪೆನ್‌ಡ್ರೈವ್ ತಂದುಕೊಟ್ಟು, "ಐದೂ ಅಧ್ಯಾಯ ಇದರಲ್ಲಿವೆ ಅಮ್ಮಾ, ಇನ್ನು ಪುಟ ಕಟ್ಟಬಹುದು" ಎಂದರು. ತೆರೆದು ನೋಡಿದೆ. ನಾಲ್ಕು ಅಧ್ಯಾಯಗಳು ಸರಿಯಾಗಿದ್ದವು. ಐದನೆಯದರ ಚಿತ್ರದ ಮೂಲೆಯಲ್ಲಿ ಪುಟ್ಟದೊಂದು ಬಾಣವಿತ್ತು. ಗಾತ್ರ ನೋಡಿದರೆ 2 ಕೆಬಿ. ಇಪ್ಪತ್ತು ಪುಟದ ಅಧ್ಯಾಯ 2 ಕೆಬಿಯಲ್ಲಿ ಕೂರುವುದಿಲ್ಲ. ನನ್ನ ಎದೆ ಧಸಕ್ಕೆಂದಿತು. ಅವರು ಹೊತ್ತು ತಂದದ್ದು, ಅಧ್ಯಾಯ ಇಂಥಲ್ಲಿದೆ ಎಂದು ಹೇಳುವ ಒಂದು ಚೀಟಿ ಮಾತ್ರ. ಆ ಚೀಟಿಯೊಳಗಿನ ವಿಳಾಸ ಅವರ ಮನೆಯ ಗಣಕದ್ದು. ನನ್ನ ಗಣಕದಲ್ಲಿ ಅದಕ್ಕೆ ಅರ್ಥವೇ ಇಲ್ಲ.

"ಮೇಷ್ಟ್ರೇ, ಮನೆಯಲ್ಲಿ ಇದು ಎಲ್ಲಿದೆ?"

"ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದೇನೆ. ಕಣ್ಣೆದುರಿಗೇ ಇದೆ."

ಅಂದು ಸಂಜೆ ಅಂಗಡಿ ಮುಚ್ಚಿ ಅವರ ಮನೆಗೆ ಹೋದೆ. ಅವರ ಗಣಕದಲ್ಲಿರುವುದು ಯಾವ ಕಂಪನಿಯ ವ್ಯವಸ್ಥೆ ಎಂದು ಇಲ್ಲಿ ಬರೆಯುವುದಿಲ್ಲ. ಹೆಚ್ಚು ಕಡಿಮೆ ಇದೇ ಕಷ್ಟವನ್ನು ಬೇರೆ ಬೇರೆ ವ್ಯವಸ್ಥೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ನೋಡಿದ್ದೇನೆ. ಫೈಲು, ಫೋಲ್ಡರುಗಳನ್ನು ತೋರಿಸುವ ಫೈಲ್ ಮ್ಯಾನೇಜರ್ ತೆರೆದು ಎಡಗಡೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದೆ. ತಲೆಯಲ್ಲಿ ‘ಹೋಮ್’. ಅದರ ಕೆಳಗೆ ಗುಂಡುಸೂಜಿ ಚುಚ್ಚಿದ ‘ಡೆಸ್ಕ್‌ಟಾಪ್’, ‘ಡಾಕ್ಯುಮೆಂಟ್ಸ್’, ‘ಡೌನ್‌ಲೋಡ್ಸ್’. ಅದರ ಕೆಳಗೆ ಮೋಡದ ಚಿತ್ರ, ಅಂದರೆ ಫೈಲುಗಳನ್ನು ಅಂತರ್ಜಾಲದಲ್ಲಿ ಇಡುವ ಸೇವೆಯ ಗುರುತು, ಅದನ್ನು ಬಿಡಿಸಿದರೆ ಒಳಗೆ ಮತ್ತೊಂದು ‘ಡೆಸ್ಕ್‌ಟಾಪ್’, ಮತ್ತೊಂದು ‘ಡಾಕ್ಯುಮೆಂಟ್ಸ್’. ಇನ್ನೂ ಕೆಳಗೆ ಗಣಕದ ಹೆಸರು. ಅದರೊಳಗೆ ಡ್ರೈವ್, ಡ್ರೈವ್‌ನೊಳಗೆ ಬಳಕೆದಾರರ ಫೋಲ್ಡರ್, ಅದರೊಳಗೆ ಮಗದೊಂದು ‘ಡಾಕ್ಯುಮೆಂಟ್ಸ್’. ಹೆಸರು ಒಂದೇ, ಚಿತ್ರವೂ ಹೆಚ್ಚು ಕಡಿಮೆ ಒಂದೇ. ಮೊದಲ ಎರಡು ‘ಡಾಕ್ಯುಮೆಂಟ್ಸ್’ ಒಂದೇ ಜಾಗ. ಮೂರನೆಯದು ಮೋಡದ ಸೇವೆ ಬರುವುದಕ್ಕೆ ಮುಂಚಿನ ಹಳೆಯ ಜಾಗ. ಅದರಲ್ಲಿ ಮೇಷ್ಟ್ರು ನಾಲ್ಕು ವರ್ಷದ ಹಿಂದೆ ಬರೆದ ಮೊದಲ ಕರಡುಗಳು ಹಾಗೆಯೇ ಕುಳಿತಿದ್ದವು.

ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಮೂರು ಇದ್ದರೆ, ನಾನು ಇಟ್ಟದ್ದು ಯಾವುದರಲ್ಲಮ್ಮ?"

ಎರಡು ಒಂದೇ, ಮೂರನೆಯದು ಬೇರೆ ಎಂದು ನಾನು ಹೇಳಿದೆ. ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಮೇಷ್ಟ್ರು ಅದನ್ನು ಬೇಗ ಹಿಡಿದರು. "ನಮ್ಮ ಕೆರೆಗಳಲ್ಲೂ ಹೀಗಿದೆ. ಒಂದು ಕೆರೆಗೆ ಈ ಕಡೆಯ ಊರಿನವರು ಒಂದು ಹೆಸರು ಹೇಳುತ್ತಾರೆ, ಆ ಕಡೆಯವರು ಇನ್ನೊಂದು. ಎರಡು ಬೇರೆ ಕೆರೆಗಳಿಗೆ ಒಂದೇ ಹೆಸರಿರುವುದೂ ಉಂಟು. ಜಗಳ ಬಂದಾಗ ಹೆಸರು ನೋಡುವುದಿಲ್ಲ, ಸರ್ವೆ ನಂಬರ್ ನೋಡುತ್ತೇವೆ. ಇದಕ್ಕೂ ಸರ್ವೆ ನಂಬರ್ ಇರಬೇಕಲ್ಲ, ಅದನ್ನು ತೋರಿಸು."

ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಫೈಲಿನ ಪೂರ್ಣ ವಿಳಾಸಕ್ಕೆ, ಅಂದರೆ ಪಾಥ್ ಎನ್ನುವುದಕ್ಕೆ, ಇಷ್ಟು ಒಪ್ಪುವ ಮಾತನ್ನು ಯಾರೂ ಹೇಳಿರಲಿಲ್ಲ. ಮೇಲಿನ ವಿಳಾಸ ಪಟ್ಟಿಯ ಖಾಲಿ ಜಾಗದಲ್ಲಿ ಒತ್ತಿದೆ. ಬಾಣಗಳಿಂದ ಜೋಡಿಸಿದ್ದ ಅಂದದ ಹೆಸರುಗಳು ಮಾಯವಾಗಿ, ಡ್ರೈವ್‌ನ ಅಕ್ಷರದಿಂದ ಆರಂಭವಾಗುವ ಉದ್ದನೆಯ ಸಾಲು ಬಂತು. ಮೂರು ಜಾಗಗಳಿಗೂ ಹಾಗೆಯೇ ಮಾಡಿ ತೋರಿಸಿದೆ. ಎರಡರ ಸಾಲು ಒಂದೇ ಆಗಿತ್ತು, ಮೂರನೆಯದರ ಸಾಲು ಬೇರೆ. ಅವರಿಗೆ ಬೇಕಾದದ್ದು ಅಷ್ಟೇ.

ಐದನೆಯ ಅಧ್ಯಾಯ ಮಾತ್ರ ಈ ಮೂರರಲ್ಲಿ ಎಲ್ಲಿಯೂ ಇರಲಿಲ್ಲ. ಅದು ‘ಡೌನ್‌ಲೋಡ್ಸ್’‌ನಲ್ಲಿತ್ತು. ಅದು ಅಲ್ಲಿಗೆ ಹೋದ ಬಗೆಯನ್ನು ಕೇಳುತ್ತಾ ಹೋದಾಗ ಎಲ್ಲವೂ ತಿಳಿಯಿತು. ಮೇಷ್ಟ್ರು ಕೋಡಿಯ ಅಧ್ಯಾಯವನ್ನು ಮಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಆಕೆ ತಿದ್ದಿ ಹಿಂದಕ್ಕೆ ಕಳಿಸಿದರು. ಬಂದ ಪ್ರತಿ ‘ಡೌನ್‌ಲೋಡ್ಸ್’‌ನಲ್ಲಿ ಕುಳಿತಿತು. ಅಲ್ಲಿಂದ ಮುಂದೆ ಮೇಷ್ಟ್ರು ‘ಇತ್ತೀಚಿನವು’ ಎಂಬ ಪಟ್ಟಿಯಿಂದ ಅದನ್ನು ತೆರೆದು ತೆರೆದು ಇನ್ನೂ ಹನ್ನೆರಡು ಪುಟ ಬರೆದರು. ಆ ಪಟ್ಟಿ ಅವರಿಗೆ ಫೈಲನ್ನು ಪ್ರತಿದಿನ ತಪ್ಪದೆ ಕೊಟ್ಟಿತು, ಅದು ಇರುವ ಜಾಗವನ್ನು ಒಂದು ದಿನವೂ ಹೇಳಲಿಲ್ಲ. ಕೊನೆಗೆ, ಇದು ಕಣ್ಣೆದುರಿಗೆ ಇರಲಿ ಎಂದು ರೈಟ್ ಕ್ಲಿಕ್ ಮಾಡಿದರು. ‘ಸೆಂಡ್ ಟು’ ಎಂಬಲ್ಲಿ ‘ಡೆಸ್ಕ್‌ಟಾಪ್’ ಇತ್ತು, ಒತ್ತಿದರು.

ಎಡವಿದ್ದು ಅಲ್ಲೇ. ‘ಸೆಂಡ್ ಟು’ ಎಂದರೆ ಕಳಿಸು. ಆ ಒಂದೇ ಪಟ್ಟಿಯಲ್ಲಿ ಪೆನ್‌ಡ್ರೈವ್‌ನ ಹೆಸರಿರುತ್ತದೆ, ಅದನ್ನು ಒತ್ತಿದರೆ ಫೈಲಿನ ಪೂರ್ತಿ ನಕಲು ಹೋಗುತ್ತದೆ. ‘ಡಾಕ್ಯುಮೆಂಟ್ಸ್’ ಇರುತ್ತದೆ, ಅಲ್ಲಿಗೂ ನಕಲು ಹೋಗುತ್ತದೆ. ‘ಡೆಸ್ಕ್‌ಟಾಪ್’ ಒತ್ತಿದರೆ ಮಾತ್ರ ನಕಲು ಹೋಗುವುದಿಲ್ಲ, ಫೈಲೂ ಹೋಗುವುದಿಲ್ಲ, ದಾರಿ ತೋರುವ ಚೀಟಿಯೊಂದು ಹುಟ್ಟುತ್ತದೆ. ಪಕ್ಕದಲ್ಲಿ ಕಂಸದೊಳಗೆ ಶಾರ್ಟ್‌ಕಟ್ ಎಂದು ಬರೆದಿರುತ್ತಾರೆ, ನಿಜ. ಆದರೆ ಶಾರ್ಟ್‌ಕಟ್ ಎಂದರೆ ಏನೆಂದು ಗೊತ್ತಿದ್ದವರಿಗೆ ಮಾತ್ರ ಅದು ಎಚ್ಚರಿಕೆ. ಮೇಷ್ಟ್ರ ಪಾಲಿಗೆ ಅದು ಹತ್ತಿರದ ದಾರಿ. ಒಂದೇ ಕ್ರಿಯಾಪದದ ಕೆಳಗೆ ಎರಡು ಬೇರೆ ಕೆಲಸಗಳನ್ನು ಇಟ್ಟು, ಬಳಸುವವನು ಕಂಸ ಓದಿ ಬೇರ್ಪಡಿಸಿಕೊಳ್ಳಲಿ ಎನ್ನುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ವ್ಯಾಕರಣ ಕಲಿಸಿದ ಮನುಷ್ಯನಿಗೆ ‘ಕಳಿಸು’ ಎಂಬ ಕ್ರಿಯಾಪದದ ಅರ್ಥ ಒಂದು ಸಾಲಿನಿಂದ ಮುಂದಿನ ಸಾಲಿಗೆ ಬದಲಾಗುತ್ತದೆ ಎಂದು ಹೇಗೆ ಹೊಳೆಯಬೇಕು?

ಆ ರಾತ್ರಿಯಿಂದ ಈ ವಿಷಯ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ನನ್ನ ಅಂಗಡಿಗೆ ಬರುವವರಲ್ಲಿ ಫೈಲ್ ಕಳೆದುಕೊಂಡೆ ಎನ್ನುವವರು ಬಹುತೇಕ ಏನನ್ನೂ ಕಳೆದುಕೊಂಡಿರುವುದಿಲ್ಲ. ಅವರಿಗೆ ಜಾಗ ತಪ್ಪಿರುತ್ತದೆ. ಜಾಗ ತಪ್ಪುವುದಕ್ಕೆ ಅವರ ಮರೆವಿಗಿಂತ ಮೆನುಗಳ ಪಾಲು ದೊಡ್ಡದು ಎಂದು ನಾನು ನಂಬಿದ್ದೇನೆ.

ನಾನು ಕೆಲಸ ಕಲಿತದ್ದು ವಿಂಡೋಸ್ ಎಕ್ಸ್‌ಪಿ ಇದ್ದ ಗಣಕದಲ್ಲಿ, ಪುಟ ಕಟ್ಟುವ ಪೇಜ್‌ಮೇಕರ್ 7 ಮತ್ತು ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದೊಂದಿಗೆ. ಆಗ ಫೋಲ್ಡರ್ ತೆರೆದರೆ ಮೇಲುಗಡೆ ಹಿಂದಕ್ಕೆ ಹೋಗುವ ಗುಂಡಿಯೂ ಇತ್ತು, ಹಸಿರು ಬಾಣದ, ಮೇಲಕ್ಕೆ ಹೋಗುವ ಗುಂಡಿಯೂ ಇತ್ತು. ಈ ಎರಡರ ವ್ಯತ್ಯಾಸವನ್ನು ನನಗೆ ಕೆಲಸ ಕಲಿಸಿದ ಅಣ್ಣ ಮೊದಲ ದಿನವೇ ಹೇಳಿಕೊಟ್ಟಿದ್ದರು. ಹಿಂದಕ್ಕೆ ಎಂದರೆ ನೀನು ಬಂದ ದಾರಿ, ಮೇಲಕ್ಕೆ ಎಂದರೆ ಈ ಫೋಲ್ಡರ್ ಇರುವ ಮನೆ. ಶಾರ್ಟ್‌ಕಟ್ ಒತ್ತಿ ಒಂದು ಫೋಲ್ಡರಿಗೆ ಬಂದಿದ್ದೀಯ ಎಂದುಕೋ. ಹಿಂದಕ್ಕೆ ಒತ್ತಿದರೆ ನೀನು ಹೊರಟ ಜಾಗಕ್ಕೇ ಮರಳುತ್ತೀಯ, ಫೋಲ್ಡರ್ ಎಲ್ಲಿತ್ತು ಎಂದು ಗೊತ್ತಾಗುವುದೇ ಇಲ್ಲ. ಮೇಲಕ್ಕೆ ಒತ್ತಿದರೆ ಅದರ ಮನೆ, ಇನ್ನೊಮ್ಮೆ ಒತ್ತಿದರೆ ಮನೆಯ ಬೀದಿ, ಮತ್ತೊಮ್ಮೆ ಒತ್ತಿದರೆ ಊರು.

2007ರಲ್ಲಿ ವಿಂಡೋಸ್ ವಿಸ್ತಾ ಬಂದಾಗ ಆ ಮೇಲಕ್ಕೆ ಹೋಗುವ ಗುಂಡಿಯನ್ನು ತೆಗೆದರು. ವಿಳಾಸ ಪಟ್ಟಿಯಲ್ಲಿಯೇ ಒಂದೊಂದು ಫೋಲ್ಡರ್ ಹೆಸರನ್ನೂ ಒತ್ತುವಂತೆ ಮಾಡಿದ್ದೇವೆ, ಇನ್ನು ಗುಂಡಿ ಏಕೆ ಎಂಬುದು ತರ್ಕ. ಕೀಲಿಮಣೆಯ ಬ್ಯಾಕ್‌ಸ್ಪೇಸ್ ಕೂಡ ಅದುವರೆಗೆ ಮೇಲಕ್ಕೆ ಕರೆದೊಯ್ಯುತ್ತಿತ್ತು, ಆಗಿನಿಂದ ಹಿಂದಕ್ಕೆ ಕರೆದೊಯ್ಯತೊಡಗಿತು. 2009ರ ವಿಂಡೋಸ್ 7ರಲ್ಲೂ ಗುಂಡಿ ಬರಲಿಲ್ಲ. 2012ರ ವಿಂಡೋಸ್ 8ರಲ್ಲಿ ಮರಳಿ ಬಂತು. ಐದು ವರ್ಷ ಒಂದು ಸಣ್ಣ ಬಾಣವಿಲ್ಲದೆ ಜನ ಕೆಲಸ ಮಾಡಿದರು. ಆ ಐದು ವರ್ಷದಲ್ಲಿ ಗಣಕ ಕಲಿತವರಿಗೆ ಮೇಲಕ್ಕೆ ಎಂಬ ಕಲ್ಪನೆ ಮೂಡಲು ಕಣ್ಣಿಗೆ ಕಾಣುವ ಆಸರೆಯೇ ಇರಲಿಲ್ಲ. ಮ್ಯಾಕ್‌ನ ಫೈಲ್ ಮ್ಯಾನೇಜರ್ ಆದ ಫೈಂಡರ್‌ನಲ್ಲಿಯೂ ಅಂಥ ಗುಂಡಿ ಎದುರಿಗೆ ಇರುವುದಿಲ್ಲ, ‘ಗೋ’ ಮೆನುವಿನೊಳಗೆ ಹುಡುಕಬೇಕು. ಹೆಸರುಗಳ ವಿಷಯವೂ ಹೀಗೆಯೇ. ‘ಮೈ ಕಂಪ್ಯೂಟರ್’ ಎಂದಿದ್ದದ್ದು ವಿಸ್ತಾದಲ್ಲಿ ‘ಕಂಪ್ಯೂಟರ್’ ಆಯಿತು, 2013ರ ವಿಂಡೋಸ್ 8.1ರಲ್ಲಿ ‘ದಿಸ್ ಪಿಸಿ’ ಆಯಿತು. ನನ್ನ ಅಂಗಡಿಯಲ್ಲಿ ಇವತ್ತಿಗೂ ಎಲ್ಲರೂ ‘ಮೈ ಕಂಪ್ಯೂಟರ್ ತೆಗೆ’ ಎಂದೇ ಹೇಳುತ್ತಾರೆ. ಬಾಯಲ್ಲಿ ಒಂದು ಹೆಸರು, ತೆರೆಯ ಮೇಲೆ ಇನ್ನೊಂದು ಹೆಸರು ಇದ್ದರೆ, ಫೋನಿನಲ್ಲಿ ದಾರಿ ಹೇಳಿಕೊಡುವುದು ಎಷ್ಟು ಕಷ್ಟ ಎಂದು ಹೇಳಿಕೊಟ್ಟವರಿಗೆ ಗೊತ್ತು.

ಅಂಗಡಿಯಲ್ಲಿ ಒಂದು ಹಳೆಯ ಗಣಕಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ವ್ಯವಸ್ಥೆ ಹಾಕಿದ್ದೇನೆ, ಯುನಿಕೋಡ್ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತ) ಟೈಪಿಂಗ್‌ಗೆ ಮತ್ತು ಪ್ರೂಫ್ ನೋಡಲು. ಅದರ ಫೈಲ್ ಮ್ಯಾನೇಜರಿನ ಹೆಸರು ನೆಮೋ. ಅದು ಹುಟ್ಟಿದ ಕಾರಣವನ್ನು ಓದಿ ತಿಳಿದಾಗ ನನಗೆ ಸಂತೋಷವಾಯಿತು. ಗ್ನೋಮ್ ಎಂಬುದು ಲಿನಕ್ಸ್‌ನಲ್ಲಿ ಕಿಟಕಿ, ಮೆನುಗಳನ್ನು ಒದಗಿಸುವ ಒಂದು ಡೆಸ್ಕ್‌ಟಾಪ್, ಅದರ ಫೈಲ್ ಮ್ಯಾನೇಜರ್ ನಾಟಿಲಸ್. 2012ರ ಸೆಪ್ಟೆಂಬರಿನಲ್ಲಿ ಗ್ನೋಮ್ 3.6 ಬಂದಾಗ ನಾಟಿಲಸ್‌ನಿಂದ ಬಹಳ ವಸ್ತುಗಳನ್ನು ತೆಗೆದರು. ಎಫ್3 ಒತ್ತಿದರೆ ಕಿಟಕಿ ಎರಡು ಭಾಗವಾಗಿ, ಈ ಕಡೆಯದನ್ನು ಆ ಕಡೆಗೆ ಸಾಗಿಸುವ ಅನುಕೂಲವಿತ್ತು, ಅದು ಹೋಯಿತು. ಹೆಚ್ಚು ಫೈಲುಗಳನ್ನು ಒತ್ತಾಗಿ ತೋರಿಸುವ ನೋಟ ಹೋಯಿತು. ತೆರೆ ಶುಭ್ರವಾಗಿರಲಿ ಎಂಬುದು ಅವರ ಆಸೆ. ಅದು ಕೆಟ್ಟ ಆಸೆಯೇನಲ್ಲ, ಹೊಸಬರು ಕಿಕ್ಕಿರಿದ ಮೆನು ನೋಡಿ ಹೆದರುವುದು ನಿಜ. ಆದರೆ ಆ ಬದಲಾವಣೆಯನ್ನು ಒಪ್ಪದ ಲಿನಕ್ಸ್ ಮಿಂಟ್ ತಂಡ, ಹಿಂದಿನ 3.4 ಆವೃತ್ತಿಯನ್ನು ಎತ್ತಿಕೊಂಡು ತಮ್ಮದೇ ಕವಲನ್ನು ಬೆಳೆಸಿತು. ಅದೇ ನೆಮೋ. ಅದರಲ್ಲಿ ಮೇಲಕ್ಕೆ ಹೋಗುವ ಬಾಣವಿದೆ, ‘ಗೋ’ ಎಂಬ ಮೆನು ಅದರ ಹೆಸರಿನೊಂದಿಗೇ ಇದೆ, ಎಫ್3 ಒತ್ತಿದರೆ ಕಿಟಕಿ ಎರಡಾಗುತ್ತದೆ. ಲಗ್ನಪತ್ರಿಕೆಯ ಸುಗ್ಗಿಯಲ್ಲಿ ಗಿರಾಕಿಯ ಫೋಟೋಗಳನ್ನು ಒಂದು ಕಡೆ, ನಮ್ಮ ಫೋಲ್ಡರನ್ನು ಇನ್ನೊಂದು ಕಡೆ ಇಟ್ಟುಕೊಂಡು ಸಾಗಿಸುವಾಗ ಆ ಎಫ್3 ನನ್ನ ಬಲಗೈ. ಎರಡು ಅಂಕಣಗಳ ಈ ಪದ್ಧತಿ ಹೊಸದೂ ಅಲ್ಲ, 1986ರ ನಾರ್ಟನ್ ಕಮಾಂಡರ್‌ನಲ್ಲಿಯೇ ಇತ್ತು. ಎಲ್ಲಿಂದ, ಎಲ್ಲಿಗೆ ಎಂಬ ಎರಡು ಪ್ರಶ್ನೆಗೂ ಉತ್ತರ ಒಟ್ಟಿಗೆ ಕಣ್ಣೆದುರು ಇರುತ್ತದೆ.

ಎಳೆದು ಬಿಡುವುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಫೈಲನ್ನು ಮೌಸಿನಿಂದ ಎಳೆದು ಬೇರೆ ಫೋಲ್ಡರಿನ ಮೇಲೆ ಬಿಟ್ಟರೆ ವಿಂಡೋಸ್‌ನಲ್ಲಿ, ಅದೇ ಡ್ರೈವ್ ಆಗಿದ್ದರೆ ಫೈಲು ಜಾಗ ಬದಲಿಸುತ್ತದೆ, ಬೇರೆ ಡ್ರೈವ್ ಆಗಿದ್ದರೆ ನಕಲಾಗುತ್ತದೆ. ಕೈ ಮಾಡುವ ಕೆಲಸ ಒಂದೇ, ಫಲ ಎರಡು. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇಯ ಫೈಲ್ ಮ್ಯಾನೇಜರ್ ಡಾಲ್ಫಿನ್‌ನಲ್ಲಿ ಬಿಟ್ಟ ಕೂಡಲೇ ಪುಟ್ಟದೊಂದು ಮೆನು ಮೂಡಿ ಕೇಳುತ್ತದೆ: ಇಲ್ಲಿಗೆ ಸ್ಥಳಾಂತರಿಸಲೇ, ನಕಲು ಮಾಡಲೇ, ಕೊಂಡಿ ಹಾಕಲೇ? ಒಂದು ಕ್ಲಿಕ್ ಹೆಚ್ಚು. ಆ ಒಂದು ಕ್ಲಿಕ್‌ಗೆ ನಾನು ಮನಸಾರೆ ಋಣಿ. ಕೆಲಸದ ಹುಡುಗಿಗೆ ಸ್ಥಳಾಂತರ ಮತ್ತು ನಕಲಿನ ವ್ಯತ್ಯಾಸವನ್ನು ನಾನು ಕಲಿಸಿದ್ದಕ್ಕಿಂತ ಚೆನ್ನಾಗಿ ಆ ಮೆನು ಕಲಿಸಿತು, ಏಕೆಂದರೆ ಪ್ರತಿ ಸಲವೂ ಮೂರು ಪದಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿತು.

ಇನ್ನು ರೈಟ್ ಕ್ಲಿಕ್. 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಾಗ ಆ ಮೆನುವನ್ನು ಎರಡು ಪದರ ಮಾಡಿದರು. ಮೊದಲ ಪದರದಲ್ಲಿ ಕೆಲವು, ಉಳಿದವು ‘ಶೋ ಮೋರ್ ಆಪ್ಷನ್ಸ್’ ಎಂಬುದರ ಹಿಂದೆ. ಕಟ್, ಕಾಪಿ, ಪೇಸ್ಟ್, ಡಿಲೀಟ್ ಎಂಬ ಪದಗಳು ಹೋಗಿ ಅವುಗಳ ಜಾಗದಲ್ಲಿ ಬರೀ ಚಿತ್ರಗಳ ಒಂದು ಸಾಲು ಬಂತು. ಮೆನು ಮೇಲ್ಮುಖವಾಗಿ ತೆರೆದುಕೊಂಡರೆ ಆ ಸಾಲು ಕೆಳತುದಿಯಲ್ಲಿ ಇರುತ್ತದೆ, ಕೆಳಮುಖವಾಗಿ ತೆರೆದುಕೊಂಡರೆ ಮೇಲ್ತುದಿಯಲ್ಲಿ. ಮೌಸಿನ ಮೊನೆಗೆ ಹತ್ತಿರವಿರಲಿ ಎಂಬ ಲೆಕ್ಕ. ಆದರೆ ಕೈಗೆ ಅಭ್ಯಾಸವಾಗುವುದು ಜಾಗ ಬದಲಾಗದ ವಸ್ತು. ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಗೆ ಕತ್ತಲಲ್ಲೂ ಕೈ ಹೋಗುತ್ತದೆ, ಅದು ನಿನ್ನೆ ಇದ್ದ ಜಾಗದಲ್ಲೇ ಇವತ್ತೂ ಇದೆ ಎಂಬ ಭರವಸೆಯಿಂದ. 2024ರ ದೊಡ್ಡ ಪರಿಷ್ಕರಣೆಯಲ್ಲಿ ಆ ಚಿತ್ರಗಳ ಕೆಳಗೆ ಹೆಸರುಗಳನ್ನು ಮತ್ತೆ ಬರೆದರು. ಮೂರು ವರ್ಷದ ಮೇಲೆ ಪದಗಳು ಮರಳಿ ಬಂದ ಆ ದಿನ ನಾನು ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದೆ. ಹಳೆಯ ಮೆನು ನೇರವಾಗಿ ಬೇಕಾದವರು ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿದರೆ ಬರುತ್ತದೆ.

ಮೂರು ಅಡ್ಡ ಗೆರೆಗಳ ಗುಂಡಿಯೂ ಇದೇ ಕುಲದ್ದು. 1981ರ ಜೆರಾಕ್ಸ್ ಸ್ಟಾರ್ ಎಂಬ ಗಣಕಕ್ಕಾಗಿ ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರರು ಬರೆದ ಚಿತ್ರ ಅದು. ಒಳಗೆ ಪಟ್ಟಿಯಿದೆ ಎಂದು ಸೂಚಿಸಲು ಪಟ್ಟಿಯ ಸಾಲುಗಳನ್ನೇ ಬರೆದರು. ಆ ಕಾಲದ ತೆರೆಯ ಕಿರಿದಾದ ಜಾಗಕ್ಕೆ ಅದು ಸರಿ. ಇಪ್ಪತ್ತೆರಡು ಇಂಚಿನ ತೆರೆಯಲ್ಲಿ, ಅರ್ಧ ಜಾಗ ಬಿಳಿಯಾಗಿ ಬಿದ್ದಿರುವಾಗ, ‘ಫೈಲ್’, ‘ಎಡಿಟ್’, ‘ವ್ಯೂ’, ‘ಗೋ’ ಎಂಬ ಪದಗಳನ್ನು ಆ ಮೂರು ಗೆರೆಗಳ ಹಿಂದೆ ಬಚ್ಚಿಡುವ ಅಗತ್ಯವೇನೆಂದು ನನಗೆ ಇದುವರೆಗೂ ಅರ್ಥವಾಗಿಲ್ಲ. ಡಾಲ್ಫಿನ್‌ನಲ್ಲಿಯೂ ಈಗ ಹಾಗೆಯೇ ಬರುತ್ತದೆ. ಆದರೆ ಕಂಟ್ರೋಲ್ ಜೊತೆ ಎಂ ಒತ್ತಿದರೆ ಮೆನು ಪಟ್ಟಿ ಮೇಲೆ ಬಂದು ನಿಲ್ಲುತ್ತದೆ.

ಹುಡುಕಾಟ ಇರುವಾಗ ಜಾಗ ಏಕೆ ಬೇಕು ಎಂದು ನನ್ನ ಕೆಲಸದ ಹುಡುಗಿ ಕೇಳುತ್ತಾಳೆ. ಇಪ್ಪತ್ತರ ಹುಡುಗಿ, ಮೊಬೈಲ್‌ನಲ್ಲಿ ಬೆಳೆದವಳು. ಅವಳ ಪ್ರಶ್ನೆ ಸಹಜ. ಮೊಬೈಲ್‌ನಲ್ಲಿ ಫೋಟೋ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಗ್ಯಾಲರಿಯಲ್ಲಿ ಇದೆ, ಅಷ್ಟೇ. ನಾನು ಅವಳಿಗೆ ಬಾಯಲ್ಲಿ ಉತ್ತರ ಹೇಳಲಿಲ್ಲ, ಹೋದ ವರ್ಷದ ಒಂದು ಲಗ್ನಪತ್ರಿಕೆಯನ್ನು ಹುಡುಕಿ ಕೊಡು ಎಂದೆ. ಲಗ್ನಪತ್ರಿಕೆ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬರು ಬರೀ ‘ಟಿ’ ಹಾಕಿ ಬರೆದಿರುತ್ತಾರೆ, ಒಬ್ಬರು ‘ಟಿ ಎಚ್’ ಹಾಕಿ ಬರೆದಿರುತ್ತಾರೆ, ಒಬ್ಬರು ನಡುವೆ ಜಾಗ ಬಿಟ್ಟಿರುತ್ತಾರೆ, ಅವಸರದಲ್ಲಿದ್ದವರು ‘ಎಲ್‌ಪಿ ಫೈನಲ್ 2’ ಎಂದು ಮುಗಿಸಿರುತ್ತಾರೆ. ಒಳಗಿನ ಅಕ್ಷರಗಳಾದರೂ ಸಿಗುತ್ತವೆಯೇ ಎಂದರೆ, ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಯುನಿಕೋಡ್ ಅಲ್ಲ. ಯುನಿಕೋಡ್ ಕನ್ನಡದಲ್ಲಿ ಎಷ್ಟು ಹುಡುಕಿದರೂ ಗಣಕಕ್ಕೆ ಅದು ಕನ್ನಡವೆಂದೇ ಗೊತ್ತಾಗುವುದಿಲ್ಲ. ಅವಳು ಮುಕ್ಕಾಲು ಗಂಟೆ ಹುಡುಕಿದಳು. ನಾನು ಡಿ ಡ್ರೈವ್, ಲಗ್ನ, ವರ್ಷ, ತಿಂಗಳು ಎಂದು ನಾಲ್ಕು ಸಲ ಒತ್ತಿ ತೆರೆದೆ. ಹುಡುಕಾಟವನ್ನು ಬೇಡ ಎನ್ನುವವಳಲ್ಲ ನಾನು. ಸ್ಪೆಲ್ಲಿಂಗ್‌ಗೆ ಒಗ್ಗಿದ ಭಾಷೆಯವರಿಗೆ ಅದು ಸಾಕಾಗಬಹುದು, ಎರಡು ಲಿಪಿ ಮತ್ತು ಎರಡು ಬಗೆಯ ಫಾಂಟ್‌ಗಳ ನಡುವೆ ಬದುಕುವ ಕನ್ನಡದ ಕೆಲಸಕ್ಕೆ ಜಾಗವೇ ಗಟ್ಟಿಯಾದ ಹಿಡಿಕೆ.

ತಂತ್ರಾಂಶಗಳ ಕನ್ನಡ ಅನುವಾದಗಳಲ್ಲಿ ಫೈಲ್‌ಗೆ ಕಡತ ಎಂದೂ ಫೋಲ್ಡರ್‌ಗೆ ಕಡತಕೋಶ ಎಂದೂ ಬರೆಯುವುದುಂಟು. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಹಳೆಯ ಕಡತಗಳ ವಿಷಯ ತೆಗೆದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಠಗಳ ಲೆಕ್ಕ, ವ್ಯಾಪಾರಿಗಳ ಲೆಕ್ಕ ಎಲ್ಲವೂ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ದೊಡ್ಡ ಆಕರ. "ಮಡಿಕೆ ಬಿಡಿಸುತ್ತಾ ಹೋದರೆ ಒಂದರ ನಂತರ ಒಂದು ಬರುತ್ತಿತ್ತು ಅಮ್ಮಾ. ಒಂದು ಮಡಿಕೆ ಎರಡು ಕಡೆ ಇರುವುದು ಸಾಧ್ಯವಿರಲಿಲ್ಲ" ಎಂದರು. ನನಗೆ ಆ ಮಾತು ಬಹಳ ಹಿಡಿಸಿತು. ಗಣಕದ ಕಡತ ಮೂರು ಕಡೆ ಕಾಣಬಹುದು, ಅದರಿಂದ ಅನುಕೂಲವೂ ಇದೆ. ಆದರೆ ಯಾವುದು ಮಡಿಕೆ, ಯಾವುದು ಮಡಿಕೆಯ ಗುರುತು ಎಂಬುದನ್ನು ಎಡಗಡೆಯ ಪಟ್ಟಿ ಒಂದು ಬಣ್ಣದಿಂದಲೋ ಒಂದು ಪದದಿಂದಲೋ ಹೇಳಬೇಕು. ಒಂದು ಕಡೆ ಫೋಲ್ಡರನ್ನು ಅಳಿಸಿದರೆ ಪಟ್ಟಿಯಿಂದ ಹೆಸರು ಮಾತ್ರ ಹೋಗುತ್ತದೆಯೋ, ನಿಜವಾದ ಫೋಲ್ಡರೇ ಹೋಗುತ್ತದೆಯೋ ಎಂದು ಒತ್ತುವ ಮೊದಲೇ ಗೊತ್ತಾಗಬೇಕು. ಇದಕ್ಕಿಂತ ಹೆಚ್ಚಿನದನ್ನು ನಾನು ಯಾವ ವಿನ್ಯಾಸಕಾರರಿಂದಲೂ ಕೇಳುತ್ತಿಲ್ಲ.

ಮೇಷ್ಟ್ರ ಮನೆಯಲ್ಲಿ ಆ ಸಂಜೆ ಎರಡು ಗಂಟೆ ಕೂತು ಮಾಡಿದ್ದು ಇಷ್ಟು. ಡಿ ಡ್ರೈವ್‌ನಲ್ಲಿ ‘ಕೆರೆ’ ಎಂಬ ಒಂದೇ ಫೋಲ್ಡರ್. ಚೆದುರಿದ್ದ ಎಲ್ಲ ಪ್ರತಿಗಳನ್ನೂ ಅದಕ್ಕೆ ತಂದು, ಹಳೆಯ ಕರಡುಗಳಿಗೆ ಒಳಗೊಂದು ‘ಹಳೆಯವು’. ಅಧ್ಯಾಯಗಳ ಹೆಸರಿಗೆ ಮುಂದೆ 01, 02 ಎಂದು ಅಂಕಿ. ಅಂಕಿ ಇಲ್ಲದಿದ್ದರೆ ಅಕ್ಷರಮಾಲೆಯ ಕ್ರಮದಲ್ಲಿ ಏರಿ, ಕೋಡಿ, ತೂಬು, ನೀರುಗಂಟಿ, ಪೀಠಿಕೆ ಎಂದು ಬಂದು ಪೀಠಿಕೆ ಕೊನೆಗೆ ಕೂರುತ್ತಿತ್ತು. ಎಡಗಡೆಯ ಪಟ್ಟಿಯಲ್ಲಿದ್ದ ಗುಂಡುಸೂಜಿಗಳನ್ನೆಲ್ಲ ಕಿತ್ತು ‘ಕೆರೆ’ ಒಂದನ್ನು ಮಾತ್ರ ಉಳಿಸಿದೆ. ವಿವರಗಳ ನೋಟಕ್ಕೆ ಬದಲಿಸಿ, ಗಾತ್ರದ ಕಂಬ ಕಾಣುವಂತೆ ಮಾಡಿದೆ. ಆಲ್ಟ್ ಜೊತೆ ಮೇಲ್ಬಾಣ ಒತ್ತಿದರೆ ಮೇಲಿನ ಫೋಲ್ಡರಿಗೆ ಹೋಗಬಹುದು ಎಂದು ತೋರಿಸಿದೆ. ಈ ಕೀಲಿ ವಿಂಡೋಸ್‌ನಲ್ಲೂ ನಾಟಿಲಸ್‌ನಲ್ಲೂ ನೆಮೋದಲ್ಲೂ ಡಾಲ್ಫಿನ್‌ನಲ್ಲೂ ಒಂದೇ. ಮ್ಯಾಕ್‌ನಲ್ಲಿ ಆಲ್ಟ್ ಬದಲು ಕಮಾಂಡ್. ಗುಂಡಿಗಳು ಬಂದರೂ ಹೋದರೂ ಇದು ಉಳಿದುಕೊಂಡಿದೆ, ಹಾಗಾಗಿ ಯಾರಿಗೆ ಕಲಿಸಿದರೂ ಮೊದಲು ಇದನ್ನೇ ಕಲಿಸುತ್ತೇನೆ. ಮೇಷ್ಟ್ರು ಅದನ್ನು ಏಳೆಂಟು ಸಲ ಒತ್ತಿ, ಕೆಳಗಿಳಿದು, ಮತ್ತೆ ಒತ್ತಿ ನೋಡಿದರು. ಪ್ರತಿ ಸಲ ಮೇಲೆ ಹೋದಾಗಲೂ ಫೋಲ್ಡರಿನ ಹೆಸರನ್ನು ಗಟ್ಟಿಯಾಗಿ ಓದಿದರು.

ಅವರ ಬಳಿ ಕೆರೆಗಳ ಸರ್ವೆ ನಂಬರ್ ಬರೆದಿಟ್ಟ ಉದ್ದನೆಯ ನೋಟ್‌ಬುಕ್ ಇದೆ. ನಾನು ಹೊರಡುವಾಗ ಅದರ ಕೊನೆಯ ಪುಟ ತೆರೆದು, ಡ್ರೈವ್‌ನ ಅಕ್ಷರದಿಂದ ಐದನೆಯ ಅಧ್ಯಾಯದವರೆಗಿನ ಪೂರ್ತಿ ಸಾಲನ್ನು, ನಡುವಿನ ಓರೆ ಗೆರೆಗಳನ್ನೂ ಬಿಡದೆ, ಮುದ್ದಾದ ಅಕ್ಷರದಲ್ಲಿ ಬರೆದುಕೊಂಡರು.

ಶ್ರಾವಣದ ಎರಡನೆಯ ವಾರ ಅವರು ಮತ್ತೆ ಅಂಗಡಿಗೆ ಬಂದರು. ಹೊರಗೆ ಲಗ್ನಪತ್ರಿಕೆಯವರ ಸಾಲು. ನಾನು ಕೈ ಚಾಚುವ ಮೊದಲೇ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟು ಹೇಳಿದರು: "ಆರನೆಯದು 96 ಕೆಬಿ ಇದೆ ಅಮ್ಮಾ. ಬಾಣ ಇಲ್ಲ, ನೋಡಿಕೊಂಡೇ ತಂದಿದ್ದೇನೆ."